ಆರ್ವಿಲ್‌ ಬಾಯಲ್ಲಿ ಆ ಹುಡುಗ

ಆರ್ವಿಲ್ ಸ್ಟ್ಯಾನ್‌ಫಿಲ್ ತನ್ನ ಹತ್ತೊಂಬತ್ತನೆಯ ವಯಸ್ಸನ್ನು ಕುರಿತು ಮಾತನಾಡುವಾಗ 'ನಾನು' ಎನ್ನುತ್ತಿರಲಿಲ್ಲ. 'ಆ ಹುಡುಗ' ಎನ್ನುತ್ತಿದ್ದ. ಆ ಹುಡುಗ ಕುಡಿದಿದ್ದ, ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಗೆ ಬೆಂಕಿಯಿಟ್ಟ, ಒಳಗೆ ಮಲಗಿದ್ದ ಕೂಲಿಯವನ ಎರಡೂ ಕೈಗಳು ಬೆಂದುಹೋದವು, ಆ ಹುಡುಗ ಜೈಲು ಕಂಡ. ಹೀಗೆ, ಪಕ್ಕದ ಕೋಣೆಯಲ್ಲಿ ಮಲಗಿರುವವನಿಗೆ ಎಚ್ಚರವಾದೀತೆಂಬಂತೆ ದನಿ ತಗ್ಗಿಸಿ ಹೇಳುತ್ತಿದ್ದ.

ಕನೆಕ್ಟಿಕಟ್ ಕರಾವಳಿಯ ಹಡಗುಕಟ್ಟೆಯಲ್ಲಿ ನಾವಿಬ್ಬರೂ ವೆಲ್ಡರುಗಳು. ಬೇಸಿಗೆಯಲ್ಲೂ ಕಳಚದ ಕಂದು ಕ್ಯಾನ್ವಾಸ್ ಕೋಟಿನ ಈ ದೀರ್ಘಕಾಯದವನು ಯಾವ ಬಾಗಿಲನ್ನು ದಾಟಿದರೂ, ಹಿಂದಿನವನಿಗೆ ದಾರಿ ಬಿಡುವಂತೆ ಒಂದು ಕ್ಷಣ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಹಿಂದೆ ಯಾರೂ ಇರುತ್ತಿರಲಿಲ್ಲ. ಅವನು ಮನೆಯ ಗ್ಯಾರೇಜಿನಲ್ಲಿ ಯಾರನ್ನೋ ಗದರುತ್ತಾನೆ, ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಮಾತು ಮುಂದುವರಿಸುತ್ತಾನೆ ಎಂದು ಅವನ ಹೆಂಡತಿ ಲೊರೆಟಾ ನನ್ನೊಡನೆ ಹೇಳಿದ್ದಳು.

ಜಲಾಂತರ್ಗಾಮಿಯ ಅಣುಸ್ಥಾವರದ ಭಾಗಕ್ಕೆ ಅವನನ್ನು ಮೇಸ್ತ್ರಿಯಾಗಿ ಕರೆದಾಗ ಸರ್ಕಾರದ ಭದ್ರತಾ ಅನುಮತಿ ಬೇಕಾಯಿತು. ಮೂವತ್ತು ವರ್ಷದ ಹಿಂದಿನದನ್ನು ಯಾರು ಕೆದಕುತ್ತಾರೆ, ಅರ್ಜಿಯಲ್ಲಿ ಬರೆಯಬೇಡ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ಬುದ್ಧಿ ಹೇಳಿದರು. ಅವನು ಜೈಲನ್ನೂ ಬೆಂಕಿಯನ್ನೂ ಮುಚ್ಚಿಡದೆ ಬರೆದ.

ವಿಚಾರಣೆಗೆ ಬಂದವಳು ಕಾನ್‌ಸ್ಟೆನ್ಸ್ ಬೊಲ್ಯೂ ಎಂಬ ಮೃದುಮಾತಿನ ಹೆಂಗಸು. ನನ್ನನ್ನೂ ಕಂಡಳು. ನನ್ನ ಮಗ ನೌಕಾಪಡೆಯ ಜಲಾಂತರ್ಗಾಮಿಯಲ್ಲಿದ್ದಾನೆ. ಆರ್ವಿಲ್ ಬೆಸೆದ ಉಕ್ಕಿನೊಳಗೆ ಸಮುದ್ರದಾಳದಲ್ಲಿ ನಿದ್ರಿಸುತ್ತಾನೆ, ಅದಕ್ಕಿಂತ ಹೆಚ್ಚಿನ ನಂಬಿಕೆ ನನಗೆ ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ ಕೇಳಿದಳು: "ತಾನೇ ಮಾಡಿದ್ದು ಅಂತ ಅವರು ಯಾವತ್ತಾದರೂ ನಿಮ್ಮ ಹತ್ತಿರ ಹೇಳಿದ್ದಾರಾ?"

ಸುಳ್ಳಾಡಲು ನನಗಾಗಲಿಲ್ಲ. ಇಲ್ಲ ಎಂದೆ.

ಅವಳು ಅವನನ್ನು ಮತ್ತೆ ಕರೆಸಿದಳು. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ನನಗೆ ಹೇಳಿದ. ಜೈಲಿಗೆ ಹೋದದ್ದೊಂದರಿಂದಲೇ ಬಾಗಿಲು ಮುಚ್ಚುವುದಿಲ್ಲ, ಆಮೇಲಿನ ಬದುಕನ್ನೂ ತೂಗುತ್ತಾರೆ, ತೀರ್ಮಾನ ಮೇಲಿನವರದು ಎಂದು ವಿವರಿಸಿ, "ಆದರೆ ಬೆಂಕಿ ಹಚ್ಚಿದ್ದು ಯಾರು ಅಂತ ನಿಮ್ಮ ಬಾಯಿಂದಲೇ ಕೇಳಬೇಕು, ಸ್ಟ್ಯಾನ್‌ಫಿಲ್ ಅವರೇ" ಎಂದಳಂತೆ. 'ಆ ಹುಡುಗ' ಎಂದು ತೊಡಗಿದವನ ದೃಷ್ಟಿ ಪಕ್ಕದ ಖಾಲಿ ಕುರ್ಚಿಯ ಮೇಲೆ ನೆಟ್ಟಿತಂತೆ.

"ನಾನು," ಎಂದನಂತೆ ಕೊನೆಗೆ. "ಒಳಗಿಂದ ಕೂಗು ಕೇಳಿಸ್ತು. ಆದ್ರೂ ಓಡಿಹೋದೆ."

ಆ ಕೂಗಿನ ಸಂಗತಿ ಯಾವ ನ್ಯಾಯಾಲಯಕ್ಕೂ ತಿಳಿದಿರಲಿಲ್ಲ. ಹೇಳಿದ್ದರಿಂದಲೇ ಕೆಲಸ ಕೈತಪ್ಪಿತೆಂದು ಅವನು ಎಣಿಸಿದ್ದ. ಚಳಿಗಾಲ ಕಳೆದ ಮೇಲೆ ಅನುಮತಿ ಬಂತು.

ಅಭಿನಂದಿಸಲು ಹೋದಾಗ ಗ್ಯಾರೇಜು ನಿಶ್ಶಬ್ದವಾಗಿತ್ತು. ಆರ್ವಿಲ್‌ನ ಕಣ್ಣುಗಳು ಗುಳಿಬಿದ್ದಿದ್ದವು. ನಿದ್ದೆ ಇಲ್ಲವೇನಯ್ಯ ಎಂದೆ.

"ಮುಂಚೆ ಆ ಕೂಗು ಆ ಹುಡುಗನಿಗೆ ಕೇಳಿಸ್ತಿತ್ತು ಮಾರಾಯ. ಈಗ ಅವನಿಲ್ಲ. ನನಗೇ ಕೇಳಿಸುತ್ತೆ."

ದಂಡನೆ ಮುಗಿಸಿ ಬಂದವರನ್ನು ಲೋಕ ಯಾವಾಗ ನಂಬೀತು ಎಂಬುದೇ ಅವರ ದೊಡ್ಡ ಚಿಂತೆಯೆಂದು ನಾವು ಭಾವಿಸುತ್ತೇವೆ. ಆದರೆ ನಂಬಿಕೆಗೆ ಪಾತ್ರರಾದವರೆಲ್ಲ ಹಗುರಾದವರಲ್ಲ. ಕೆಲವರು ಅದಕ್ಕಾಗಿ, ಬಹುಕಾಲ ಹೊರಗೇ ನಿಲ್ಲಿಸಿದ್ದವನನ್ನು ಒಳಗೆ ಕರೆದುಕೊಂಡು, ಉಳಿದ ಆಯುಷ್ಯವನ್ನೆಲ್ಲ ಅವನೊಬ್ಬನೊಡನೆಯೇ ಕಳೆಯುತ್ತಾರೆ.