ಸೇಮ್ ಅಳತಿ

ಬ್ಯಾಡಗಿಯ ನನ್ನ ಹೊಲಿಗೆ ಅಂಗಡಿಗೆ ‘ಸೇಮ್’ ಎಂಬ ಮಾತು ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಜಂಬದಿಂದ ಹೇಳುತ್ತಿದ್ದೆ. ಈಗ ಆ ಮಾತು ಬಾಯಿಗೆ ಬಂದರೆ ನಾಚಿಕೆಯಾಗುತ್ತದೆ.

ನಾನು ಮಷಿನ್ನಿಗೆ ಕೂತ ಹೊಸದರಲ್ಲಿ ಹೆಂಗಸರು ಹಳೆಯ ಜಂಪರೊಂದನ್ನು ಮುಂದಿಟ್ಟು, “ಇದರಂಗ ಹೊಲಿಯವಾ ನಾಗರತ್ನಾ” ಎನ್ನುತ್ತಿದ್ದರು. ಮೈಗೆ ಟೇಪು ಹಿಡಿಸಿಕೊಳ್ಳಲು ನಮ್ಮ ಕಡೆಯ ಹೆಂಗಸರಿಗೆ ಸಂಕೋಚ. ಅಳತೆಗೆ ಹಳೆಯ ಜಂಪರೇ ಆಧಾರ. ಆಮೇಲೆ ರಾಣೆಬೆನ್ನೂರಿನ ಸೀರೆ ಅಂಗಡಿಗಳಿಗೆ ಹೋಗಿ ಬಂದವರು ‘ಸೇಮ್ ಟು ಸೇಮ್’ ತಂದರು. ಒಂದು ಸೇಮ್ ಅವರಿಗೆ ಸಾಲುತ್ತಿರಲಿಲ್ಲ. ಫೋನು ಬಂದ ಮೇಲೆ ಯಾವಳೋ ನಟಿಯ ಫೋಟೊ ತೋರಿಸಿ, “ಆಂಟಿ, ಸೇಮ್ ಬರಬೇಕ್ರಿ” ಎನ್ನುವವರು ಬಂದರು. ನಟಿಯ ಬೆನ್ನೆಲ್ಲಿ, ಇವರ ಬೆನ್ನೆಲ್ಲಿ, ಇರಲಿ. ಈಗಿನ ಕಾಲೇಜು ಹುಡುಗಿಯರಿಗಂತೂ ಅದು ಹೂಂ ಎಂದಷ್ಟೇ ಸಲೀಸು. ಒಬ್ಬಳು “ಹೊಟ್ಟಿ ಹಸದೈತಿ” ಎಂದರೆ ಇನ್ನೊಬ್ಬಳು ಫೋನಿನಿಂದ ತಲೆ ಎತ್ತದೆ “ಸೇಮ್” ಎನ್ನುತ್ತಾಳೆ. ನನಗೂ ಹಸಿದಿದೆ, ಆದರೆ ನಿನ್ನ ಮುಖ ನೋಡಿ ಹೇಳುವಷ್ಟು ಪುರಸೊತ್ತಿಲ್ಲ ಎಂದು ಅದರ ಅರ್ಥ.

ಅವರನ್ನು ಆಡಿಕೊಳ್ಳುತ್ತಲೇ ನಾನೂ ಕಲಿತೆ. ಬಟ್ಟೆ ಕೈಗೆ ಬಂದ ಕೂಡಲೇ “ಸೇಮ್ ಅಲ್ಲ?” ಎಂದು ಕೇಳುವುದು, ಉತ್ತರಕ್ಕೆ ಕಾಯದೆ ಚೀಟಿ ಬರೆಯುವುದು.

ಭರಮವ್ವ ಬಂದದ್ದು ಲಗ್ನದ ಸೀಜನ್ನಿನಲ್ಲಿ. ಮೋಟೆಬೆನ್ನೂರಿನವಳು, ಹದಿನೈದು ವರ್ಷದ ಗಿರಾಕಿ, ನನಗಿಂತ ಹಿರಿಯಳು. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಬಂದಾಗಲೆಲ್ಲ ನನ್ನಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದವಳು ಆರು ತಿಂಗಳಿಂದ ಕಂಡಿರಲಿಲ್ಲ. ಯಾಕೆ ಎಂದು ನಾನು ಕೇಳಲೂ ಇಲ್ಲ. ಮಗಳು ರೋಹಿಣಿಯ ಮದುವೆಗೆ ತಾನು ಉಡುವ ಸೀರೆಯ ಜಂಪರಿಗೆ ಬಟ್ಟೆ ತಂದಿದ್ದಳು. ಅಂಗಡಿಯಲ್ಲಿ ಐದಾರು ಜನ ನಿಂತಿದ್ದರು. ಅಳತೆಯ ಹಳೆ ಜಂಪರನ್ನು ನನಗೆ ಕೊಡದೆ ಕೈಯಲ್ಲೇ ಹಿಡಿದುಕೊಂಡು, “ಅಳತಿ ಈ ಸಲ...” ಎಂದಳು.

“ಸೇಮ್ ಅಲ್ಲ, ಅಕ್ಕಾ?” ಎಂದು ನಾನೇ ಜಂಪರು ಇಸಿದುಕೊಂಡೆ.

ಅವಳು ಸುತ್ತ ನಿಂತವರನ್ನು ನೋಡಿದಳು. ಪರದೆ ಕಟ್ಟಿದ ಒಳಗಿನ ಮೂಲೆಯನ್ನೂ ನೋಡಿದಳು. ಅದು ನನಗೆ ಕಂಡಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

“ಹೂಂ, ಸೇಮ್” ಎಂದಳು.

ಹೊಲಿದು ಉಳಿದ ಚೂರುಗಳನ್ನೂ ಮಡಚಿ ವಾಪಸು ಕೊಡುವುದು ನನ್ನ ಅಂಗಡಿಯ ರೀತಿ. ಬೆರಳಗಲ ಬಟ್ಟೆಯನ್ನೂ ಇಟ್ಟುಕೊಳ್ಳದವಳು ಎಂದು ನನಗೆ ಹೆಸರಿದೆ. ಅದೇ ಹೆಮ್ಮೆಯಲ್ಲಿ ಕೊಟ್ಟು ಕಳಿಸಿದೆ. ಮದುವೆಯಲ್ಲಿ ಭರಮವ್ವ ಅಂಥ ಸೆಕೆಯಲ್ಲೂ ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಎದೆಯ ಮೇಲೆ ಕೈಯಿಟ್ಟುಕೊಂಡೇ ಓಡಾಡಿದಳು. ಫೋಟೊಕ್ಕೆ ಕರೆದರೆ ಬೀಗರ ಹಿಂದೆ ಹೋಗಿ ನಿಂತಳು. “ಮಗಳ ಲಗ್ನದಾಗ ನೀನ ಮದುಮಗಳಗತೆ ನಾಚಾಕತ್ತೀಯಲ್ಲ ಅಕ್ಕಾ” ಎಂದು ನಾನೇ ನಾಲ್ಕು ಜನರೆದುರು ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಹದಿನೈದು ದಿನದ ಮೇಲೆ, ತವರಿಗೆ ಬಂದಿದ್ದ ರೋಹಿಣಿ ಆ ಜಂಪರನ್ನು ತಂದಳು. “ಹುಕ್ ಕಿತ್ತಾವ್ರಿ ಆಂಟಿ, ಹಚ್ಚಿ ಕೊಡ್ರಿ.”

ಮಗುಚಿ ನೋಡಿದೆ. ಎಡಗಡೆ ಒಳಗೆ, ನಾನು ಮಡಚಿ ಕೊಟ್ಟಿದ್ದ ಅದೇ ಚೂರುಗಳನ್ನು ಉಂಡೆ ಮಾಡಿ ಕೈಯಿಂದಲೇ ಅಡ್ಡಾದಿಡ್ಡಿ ಹೊಲಿಯಲಾಗಿತ್ತು.

“ಇದ್ಯಾಕವಾ?”

ರೋಹಿಣಿ ದನಿ ತಗ್ಗಿಸಿದಳು. “ಅವ್ವಗ ಹುಬ್ಬಳ್ಳ್ಯಾಗ ಆಪರೇಷನ್ ಆತಲ್ರಿ. ಗಂಟಾಗಿತ್ತಂತ ಎಡಗಡಿ ಎದಿನ ತಗದಾರ. ನಿಮಗ ಹೇಳೇ ಹೊಲಿಸೇನಿ ಅಂದಿದ್ಲು, ಹೇಳಿಲ್ಲನ್ರಿ?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಟೇಪನ್ನು ಸರದ ಹಾಗೆ ಕೊರಳಿಗೆ ಹಾಕಿಕೊಂಡು ಕೂತವಳು ನಾನು. “ಎರಡ ನಿಮಿಷ ಒಳಗ ಬಾ ಅಕ್ಕಾ” ಎಂದಿದ್ದರೆ ಸಾಕಿತ್ತು. “ಹೇಳ್ಯಾಳ, ನಾನ ಮರತೆ” ಎಂದು ರೋಹಿಣಿಗೆ ಹೇಳಿ ಕಳಿಸಿದೆ.

ಮರುದಿನ ಅಂಗಡಿ ಮುಚ್ಚಿ ಮೋಟೆಬೆನ್ನೂರಿಗೆ ಹೋದೆ. ಭರಮವ್ವ ಕಟ್ಟೆಯ ಮೇಲೆ ಕೂತಿದ್ದಳು. “ತಪ್ಪಾತಕ್ಕಾ. ನೀ ಹೇಳಾಕ ಬಂದಿದ್ದಿ, ನಾ ಕೇಳಲಿಲ್ಲ. ಅಳತಿ ತಗೊಂಡು ಬ್ಯಾರೆ ಹೊಲದು ಕೊಡ್ತೀನಿ” ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಸೆರಗು ಸರಿಸಿ ನಿಂತಳು.

“ನೀ ಹೊಲದದ್ರಾಗ ಏನ ತಪ್ಪಿಲ್ಲ ಬಿಡವಾ” ಎಂದಳು. “ಜಂಪರ್ ಸೇಮ್ ಐತಿ. ನಾನ ಸೇಮ್ ಉಳದಿಲ್ಲ.”

ಟೇಪು ಹಿಡಿದೆ. ಹದಿನೈದು ವರ್ಷದಲ್ಲಿ ಅವಳ ಮೈ ಅಳತೆ ತೆಗೆದದ್ದು ಅದೇ ಮೊದಲು. ಕಣ್ಣು ಮಂಜಾಗಿ ನನಗೆ ಅಂಕಿ ಕಾಣಲಿಲ್ಲ. ಅವಳೇ ಬಗ್ಗಿ ನೋಡಿ, ಒಂದೊಂದಾಗಿ ಓದಿ ಹೇಳಿದಳು.