ಓರೆ ಹಲ್ಲು

ಉಗುರಿನ ಸಂದಿಗೆ ಹೊಕ್ಕ ಜೇಡಿಮಣ್ಣು ತಣ್ಣಗಿದೆ, ಮೇಣ ಹೀಗಲ್ಲ, ಮೇಣ ಬೆರಳಿನ ಬಿಸಿಗೇ ಸೋತುಬಿಡುತ್ತದೆ, ಮಣ್ಣಿಗೆ ಹಟ ಜಾಸ್ತಿ — ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಎದುರುಬದುರು ಕೂತಿದ್ದೇವೆ, ನಾನು ಮತ್ತು ಮಗಳು, ಭಾನುವಾರದ ಸಂಜೆ, ಆಪ್ತಸಮಾಲೋಚಕಿ ಹೇಳಿಕೊಟ್ಟ ಆಟ, ಮನಸ್ಸು ಹಗುರಾಗುತ್ತೆ ಮೇಡಂ, ಏನು ಮಾಡಬೇಕು ಅಂತ ಯೋಚಿಸ್ಲೇಬೇಡಿ, ಕೈಗೆ ಏನು ಬರುತ್ತೋ ಬರಲಿ, ಚೆನ್ನಾಗಿರಬೇಕು ಅಂತೇನಿಲ್ಲ, ಚಿಕ್ಕ ಮಕ್ಕಳ ಥರ ಆಡಿ, ಇಬ್ಬರೂ ಸೇರಿ ನಗಿ. ನಗಿ ಎಂದರು ಪಾಪ, ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದ ಇವಳ ಎದುರಿಗೆ. ಕೈಗೆ ಏನು ಬರುತ್ತೋ ಬರಲಿ ಎಂದರೆ ನನ್ನ ಕೈಗೆ ಬರುವುದು ಒಂದೇ, ತಲೆ ನೆರೆಯುವ ತನಕ ಹಲ್ಲಿನ ಲ್ಯಾಬಿನಲ್ಲಿ ಕೂತು ಊರಿನವರ ಬೊಚ್ಚುಬಾಯಿಗೆಲ್ಲ ಸೆಟ್ಟು ಕಟ್ಟಿದವಳ ಕೈ ಇದು, ಆನೆ ಮಾಡೋಣವೆಂದು ಹೊರಟಿದ್ದೆ, ದಪ್ಪ ಮೈ, ಕೆಳಗೆ ನಾಲ್ಕು ಮೋಟು ಕಾಲು, ಅಮ್ಮಾ ಅದು ದವಡೆ ಹಲ್ಲು ಅಂದಳು, ಆನೆ ಕಣೇ ಅಂದೆ, ಆನೆಗೆ ಬೇರು ಇರಲ್ಲಮ್ಮ ಅಂದಳು, ಅವಳ ಕೆನ್ನೆ ಒಂದಿಷ್ಟು ಅಲುಗಿತು, ನನಗೆ ಜೀವ ಬಂದಂತಾಯಿತು, ಅಷ್ಟರಲ್ಲಿ ಅವಳ ಮಣ್ಣಿನ ಕೈ ಬಾಯಿಗೆ ಹೋಯಿತು, ಮೂಗಿನ ಕೆಳಗೆ ಬೂದು ಮೀಸೆ ಮೂಡಿತು. ಅದನ್ನು ಒರೆಸಲು ನಾನು ಏಳಲಿಲ್ಲ.

ಕಪಾಟಿನ ಮೇಲೆ ಗಾಜಿನ ಲೋಟ ಇದೆ, ಆ ಕಡೆ ನೋಡುವುದು ಬೇಡ, ನೋಡಿದೆ — ನೀರಿನಲ್ಲಿ ಗುಲಾಬಿ ಒಸಡು, ಅದಕ್ಕೆ ಎರಡು ಮುಂದಿನ ಹಲ್ಲು, ಒಂದು ನೆಟ್ಟಗೆ, ಇನ್ನೊಂದು ಪಕ್ಕದ್ದರ ಮೇಲೆ ತುಸು ಹತ್ತಿ ಓರೆ, ಅದನ್ನು ಮಾಡಿದವಳು ನಾನೇ, ದಿನಾ ನೀರು ಬದಲಿಸುವವಳೂ ನಾನೇ. ಇವಳ ಅಪ್ಪನ ಹಲ್ಲು ಹಾಗೇ ಇತ್ತು, ಲಿಫ್ಟ್ ರಿಪೇರಿಗೆ ಹೋಗುತ್ತಿದ್ದರು, ಫೋನ್ ಮಾಡಿದಾಗೆಲ್ಲ ಮೇಲಿದ್ದೀನಿ ಕಣೇ, ಆಮೇಲೆ ಮಾಡ್ತೀನಿ, ಈಗಲೂ ಕಿವಿಯಲ್ಲಿ ಅದೇ, ಮೇಲಿದ್ದೀನಿ ಕಣೇ — ಬನ್ನಿ, ಲ್ಯಾಬಿನಲ್ಲಿ ಪುಕ್ಕಟೆ ಒಂದು ಕ್ಯಾಪ್ ಹಾಕಿಸಿ ನೆಟ್ಟಗೆ ಮಾಡಿಸ್ತೀನಿ ಎಂದರೆ, ಬೇಡಮ್ಮ, ನೀನು ಒಪ್ಪಿದ್ದು ಇದನ್ನ ನೋಡೇ ಅಲ್ವಾ, ಈಗೇನು ಹೊಸ ಕಾಯಿಲೆ ಅನ್ನುತ್ತಿದ್ದರು, ಆದರೆ ಕ್ಯಾಮೆರಾ ಎದುರು ಮಾತ್ರ ತುಟಿ ಬಿಗಿ, ಮದುವೆ ಆಲ್ಬಮ್ಮಿನಲ್ಲೂ ಬಿಗಿ, ಮನೆಯಿಡೀ ಹುಡುಕಿದರೂ ಅವರು ನಕ್ಕ ಒಂದು ಫೋಟೊ ಇಲ್ಲ. ಮಗಳಿಗೆ ಹಾಲುಹಲ್ಲು ಬಿದ್ದು ಹೊಸದು ಓರೆಯಾಗಿಯೇ ಮೊಳೆತಾಗ ಮನೆಯೆಲ್ಲ ಕುಣಿದರು, ನೋಡೇ, ಈಗ ಯಾರೂ ಅನುಮಾನ ಪಡೋ ಹಾಗಿಲ್ಲ, ನನ್ನ ಮಗಳೇ. ಕಾಲೇಜು ಸೇರಿದ ಮೇಲೆ ಸ್ಕೂಟರು, ಅವಳೇ ಓಡಿಸುತ್ತಿದ್ದಳು, ಅವರು ಹಿಂದೆ ಕೂತು ಮೆಲ್ಲಗೆ ಬ್ರೇಕ್ ಹಿಡಿ, ಮೆಲ್ಲಗೆ ಅನ್ನುತ್ತಿದ್ದರಂತೆ, ನಾಯಿ ಅಡ್ಡ ಬಂತು, ಅವಳಿಗೆ ಆ ಎರಡು ಹಲ್ಲು ಹೋಯಿತು, ಅವರು ಏಳಲಿಲ್ಲ. ಯಾರೂ ಅವಳನ್ನು ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ, ಅನ್ನುವುದಕ್ಕೆ ಏನೂ ಇರಲಿಲ್ಲ.

ಅವಳ ಬಾಯಿಯ ಅಚ್ಚು ಲ್ಯಾಬಿಗೆ ಬಂದ ದಿನ ಬೇರೆ ಯಾರ ಕೈಗೂ ಕೊಡದೆ ನಾನೇ ಕೂತೆ, ಮೇಣದಲ್ಲಿ ಹಲ್ಲು ನಿಲ್ಲಿಸಿದೆ, ಕಿತ್ತೆ, ಮತ್ತೆ ನಿಲ್ಲಿಸಿದೆ, ಎಷ್ಟು ಓರೆ, ಇಷ್ಟಾ, ಇನ್ನೊಂದು ಕೂದಲೆಳೆಯಾ, ಕಣ್ಣು ಮುಚ್ಚಿದರೆ ಅವರು ನಗುತ್ತಿದ್ದರು, ಅದನ್ನು ನೋಡಿಕೊಂಡು ಕೂರಿಸಿದೆ, ದಂತವೈದ್ಯರು ಕೈಯಲ್ಲಿ ಹಿಡಿದು ಹುಬ್ಬೇರಿಸಿ, ಜನ ನೆಟ್ಟಗೆ ಮಾಡಿ ಅಂತ ಪ್ರಾಣ ತಿಂತಾರೆ, ನೀವು ಹೊಸ ಹಲ್ಲನ್ನೇ ಸೊಟ್ಟ ಮಾಡಿದ್ದೀರಲ್ಲ, ಅವಳ ಹಲ್ಲು ಹಾಗೇ ಇದ್ದದ್ದು ಡಾಕ್ಟ್ರೇ ಎಂದೆ, ಒಳಗೊಳಗೇ ಹೆಮ್ಮೆ, ಅವಳಿಗೆ ಅವಳ ಅಪ್ಪನನ್ನು ವಾಪಸು ಕೊಡುತ್ತಿದ್ದೇನೆ ಎಂಬ ಹೆಮ್ಮೆ. ಅವಳು ಹಾಕಿಕೊಂಡಳು, ಕನ್ನಡಿ ಎದುರು ತುಟಿ ಅಗಲಿಸಿದಳು — ಅಮ್ಮಾ, ಅಪ್ಪ ನಗ್ತಾ ಇದ್ದಾರೆ, ಅಷ್ಟೇ ಅಂದಿದ್ದು, ತೆಗೆದು ಲೋಟಕ್ಕೆ ಹಾಕಿದಳು, ಕಾಲೇಜು ಬಿಟ್ಟಳು, ಗೆಳತಿಯರು ಬಂದರೆ ತಲೆನೋವು ಅಂತ ಹೇಳಮ್ಮ. ನೆಟ್ಟಗಿರುವ ಹಲ್ಲಿನದೊಂದು ಮಾಡಿಕೊಟ್ಟರೆ ಹಾಕಿಕೊಂಡಾಳೇನೋ, ಹೊರಗೆ ಹೋದಾಳೇನೋ, ನನಗದು ದೊಡ್ಡ ಕೆಲಸವಲ್ಲ, ದಿನಾ ಬೆಳಗ್ಗೆ ಬಾಯಿತನಕ ಬರುತ್ತದೆ, ಬೇರೆ ಮಾಡಿಕೊಡಲಾ ಪುಟ್ಟೀ, ನುಂಗಿಕೊಳ್ಳುತ್ತೇನೆ, ಹೊಸದು ಬಂದರೆ ಲೋಟ ಯಾಕೆ, ಲೋಟ ಹೋದರೆ ಅವರ ನಗು ಇನ್ನೆಲ್ಲಿ, ಎಂಥ ತಾಯಿ ನಾನು, ಮಗಳು ಬಾಯಿ ಮುಚ್ಚಿಕೊಂಡು ಕೂತಿರಲಿ, ನನ್ನ ಲೋಟ ಇರಲಿ ಅನ್ನುವವಳು. ನಾಳೆ ಹೇಳೋಣ ಅಂದುಕೊಳ್ಳುತ್ತೇನೆ.

ಅವಳು ಏನೋ ಮಾಡುತ್ತಿದ್ದಾಳೆ, ಮುಖ, ಮೂಗು ಚಿವುಟಿದಳು, ಚಮಚದ ಹಿಡಿಯಿಂದ ಬಾಯಿ ಕೊರೆದಳು, ಆಗಲೇ ಏಳಬೇಕೆನಿಸಿತು ನನಗೆ, ಕಾಫಿ ಕುಡೀತೀಯಾ ಎಂದೆ, ಹೂಂ ಅಂದಳು, ಎಷ್ಟು ದಿನವಾಗಿತ್ತು ಹೂಂ ಅಂದು, ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಚೆಲ್ಲಲಿ, ಹೂಂ ಅಂದಳಲ್ಲ, ಸಮಾಲೋಚಕಿ ಹೇಳಿದ್ದು ಸುಳ್ಳಲ್ಲ, ಮುಂದಿನ ವಾರ ಬಣ್ಣ ತರೋಣ, ಎರಡು ಲೋಟ ಹಿಡಿದು ಬಂದೆ. ಕಪಾಟಿನ ಮೇಲಿನ ಲೋಟದಲ್ಲಿ ನೀರು ಮಾತ್ರ ಇತ್ತು. ಮೇಜಿನ ಮೇಲೆ ಮಣ್ಣಿನ ಮುಖ ನಗುತ್ತಿತ್ತು, ಕಿವಿ ಒಂದು ಮೇಲೆ ಒಂದು ಕೆಳಗೆ, ಕಣ್ಣು ಬರಿ ತೂತು, ಬಾಯಿಯಲ್ಲಿ ಆ ಎರಡು ಹಲ್ಲು, ಒಸಡು ಕಾಣದಂತೆ ತುಟಿ ಎಳೆದಿದ್ದಾಳೆ, ನನಗೂ ಅಷ್ಟು ನಯವಾಗಿ ಬರುತ್ತಿರಲಿಲ್ಲ, ಆಡಬಾರದ ಆಟ ಆಡಿದೆಯಲ್ಲೇ — ಇಲ್ಲಿ ಸರಿಯಾಗಿ ಕೂತಿತು ನೋಡಮ್ಮ, ಅಂದಳು, ಬಾಯಿ ಮುಚ್ಚಿಕೊಳ್ಳದೆ, ಆ ಕಪ್ಪು ಸಂದಿ ನನಗೆ ಪೂರಾ ಕಾಣುವ ಹಾಗೆ, ಇದು ಅಪ್ಪಂದೇ, ನೀನೇ ಇಟ್ಕೋ, ನನಗೆ ಯಾವುದೂ ಬೇಡ. ನೆಟ್ಟಗಿರೋದು ಮಾಡಿಕೊಡ್ತೀನಿ ಪುಟ್ಟೀ ಎಂದೆ, ಕೊನೆಗೂ ಎಂದೆ, ಬೇಡಮ್ಮ ಅಂದಳು, ಸಿಟ್ಟಿಲ್ಲ, ಅಳುವೂ ಇಲ್ಲ, ಅಂಗಡಿಯಲ್ಲಿ ಚೀಲ ಬೇಡ ಅನ್ನುವಂತೆ. ಕೋಣೆಯ ಚಿಲಕ ಹಾಕಿಕೊಂಡಳು. ಬಾಗಿಲು ತಟ್ಟಿದೆ, ಮಲಗ್ತೀನಮ್ಮ ಅಂದಳು, ಮತ್ತೆ ತಟ್ಟಿದೆ, ಇದ್ದೀನಮ್ಮ ಅಂದಳು, ಇದ್ದಾಳೆ.

ಕಾಫಿ ಕೆನೆಗಟ್ಟುತ್ತಿದೆ, ಮಣ್ಣು ಒಣಗುತ್ತದೆ, ಒಣಗಿದರೆ ಮಣ್ಣು ಕುಗ್ಗುತ್ತದೆ, ಹಲ್ಲು ಕುಗ್ಗುವುದಿಲ್ಲ, ಬಿರುಕು ಬಾಯಿಂದಲೇ ಶುರುವಾಗುತ್ತದೆ, ಈಗಲೇ ಕಿತ್ತರೆ ಹಲ್ಲು ಉಳಿಯುತ್ತದೆ, ನಗು ಹೋಗುತ್ತದೆ, ಕೀಳದಿದ್ದರೆ ಬೆಳಗಾಗುವಷ್ಟರಲ್ಲಿ ತಾನೇ ಸೀಳುತ್ತದೆ, ಒದ್ದೆ ಬಟ್ಟೆ ಹೊದಿಸಿದರೆ ತಡೆಯಬಹುದು, ಹಿಂಡಿ ತಂದೆ, ಗದ್ದಕ್ಕೆ ಹೊದಿಸಿದೆ, ಹಣೆಗೆ ಹೊದಿಸಿದೆ, ಬಾಯಿಯ ಮೇಲೆ ಎಳೆಯಲು ಕೈ ಬರುತ್ತಿಲ್ಲ, ಅವತ್ತು ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಎಳೆದಾಗ ಅವರ ತುಟಿ ಬಿಗಿಯಾಗಿತ್ತು — ಪುಟ್ಟೀ, ಕಾಫಿ ಆರಿಹೋಗ್ತಿದೆ, ಪುಟ್ಟೀ — ಮಲಗಿರಬೇಕು, ಮಲಗಿರಬೇಕು, ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ, ಹಣೆ ಮುಚ್ಚಿದೆ, ಗದ್ದ ಮುಚ್ಚಿದೆ, ನಡುವೆ ಆ ಹಲ್ಲು, ಒಂದು ನೆಟ್ಟಗೆ, ಇನ್ನೊಂದು ಅದರ ಮೇಲೆ ತುಸು ಹತ್ತಿ, ಓರೆ, ಓರೆ