ಶುರುವಾದ ಹೊತ್ತು, ಮುಗಿದ ಹೊತ್ತು

ಒಂದು ಫಾರಂ ತುಂಬಬೇಕಾದರೆ ಎರಡು ಅಂತಸ್ತಿನ ಮೆಟ್ಟಿಲು ಹತ್ತಬೇಕು, ಮೂರು ಸಲ ಬಾಗಿಲು ತಟ್ಟಬೇಕು, ಒಂದು ಲೋಟ ನೀರು ಕೇಳಿ ಕುಡಿಯಬೇಕು. ಇಂಥ ನಾನೂರು ಫಾರಮ್ಮಿಗೆ ಎರಡು ವರ್ಷ, ನಾಲ್ಕು ಜೊತೆ ಚಪ್ಪಲಿ, ಒಂದು ನಾಯಿಕಡಿತ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುತ್ತಿದ್ದುದರಿಂದ ಅವಳಿಗೆ ಫಾರ್ಮಕ್ಕ ಎಂದೇ ಹೆಸರು ಬಿದ್ದಿತ್ತು. ಅವಳು ಇಷ್ಟೆಲ್ಲ ತೆತ್ತು ತಂದ ಕಾಗದಗಳು ಈಗ ದೊಡ್ಡ ಡಾಕ್ಟರ ಮೇಜಿನ ಮೇಲೆ ಕಂತೆಯಾಗಿ ಕೂತಿದ್ದವು. ಪಕ್ಕದಲ್ಲಿ ಅಷ್ಟೇ ದಪ್ಪದ ಇನ್ನೊಂದು ಕಂತೆ, ಅವಳಂತೆಯೇ ಮನೆಮನೆ ಸುತ್ತಿದ ಜೊತೆಯವನದು. ಎರಡನ್ನೂ ಹಿಂಡಿದಾಗ ಬಂದದ್ದು ಒಂದೇ ಸಾಲು.

"ಬಸುರಿಯಾಗಿದ್ದಾಗ ಬಟ್ಟೆ ಬಂಡಲ್ ಎತ್ತಿದ್ದಕ್ಕೂ ಗರ್ಭಪಾತಕ್ಕೂ ನಂಟಿದೆ," ಡಾಕ್ಟರು ಓದಿದರು. "ಮಗು ಕಳೆದುಕೊಂಡ ಪ್ರತಿ ನೂರು ಜನರಲ್ಲಿ ನಲವತ್ತಾರು ಮಂದಿ ಎತ್ತಿದ್ದಾರೆ. ಸುಖವಾಗಿ ಹೆತ್ತವರಲ್ಲಿ ಮೂವತ್ತೊಂಬತ್ತು."

"ಏಳೇ ಏಳು," ಎಂದರು ಅಂಕಿಅಂಶ ನೋಡುವ ಲೆಕ್ಕದ ಮೇಡಂ, ಕನ್ನಡಕ ಒರೆಸುತ್ತ. "ತೀರಾ ಸಪೂರ ನಂಟು ಸಾರ್. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಗಿರಬಹುದು."

"ಸಪೂರ ಆದ್ರೂ ದಾರ ದಾರವೇ. ನಾಳೆ ಬೆಳಿಗ್ಗೆ ಕಾರ್ಖಾನೆಯವರಿಗೆ ವರದಿ ಕೊಡ್ಲೇಬೇಕು."

ಮೂಲೆಯ ಸ್ಟೂಲಿನಲ್ಲಿದ್ದ ಫಾರ್ಮಕ್ಕ ತಲೆ ಎತ್ತಿದಳು. ಹೊಲಿಗೆ ಕಾರ್ಖಾನೆಯ ಮ್ಯಾನೇಜರು ಮೊದಲೇ ಹೇಳಿಬಿಟ್ಟಿದ್ದ: ವರದಿಯಲ್ಲಿ ಹೌದು ಅಂತ ಬಂದರೆ ಬಸುರಿಯರಿಗೆ ಗೇಟಿನಲ್ಲೇ ಲೆಕ್ಕ ಚುಕ್ತಾ. ಬಂಡಲ್ ಹಗುರ ಮಾಡುವ ಯೋಚನೆ ಅವನ ತಲೆಗೆ ಬಂದಿರಲೇ ಇಲ್ಲ. ಅವಳ ಸೊಸೆ ದುಡಿಯುತ್ತಿದ್ದುದು ಅಲ್ಲೇ. ಈಗ ನಾಲ್ಕು ತಿಂಗಳ ಬಸುರಿ. ಮಗ ಬೆನ್ನು ಮುರಿದುಕೊಂಡು ಮಲಗಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಈ ಇಬ್ಬರು ಹೆಂಗಸರಿಂದ.

ಆದರೆ ಅವಳನ್ನು ಚುಚ್ಚುತ್ತಿದ್ದುದು ಅದೊಂದೇ ಅಲ್ಲ. ಆ ಏಳರ ಗುಟ್ಟು ತನಗೆ ಗೊತ್ತಿದೆ ಎಂದು ಅವಳಿಗೆ ಅನಿಸಿತು.

"ಸಾರ್, ಆ ಏಳು ಜನ ನನ್ ಬಾಯಿಂದ ಹುಟ್ಟಿರ್ಬೋದು."

"ಏನಮ್ಮ ಹಂಗಂದ್ರೆ?"

"ಮಗು ಆಡ್ತಿರೋ ಮನೇಲಿ ತಾಯಿಗೆ ಪುರುಸೊತ್ತೆಲ್ಲಿ? ಬಂಡಲ್ ಎತ್ತಿದ್ಯಾ ಅಂದ್ರೆ, 'ಯಾರಿಗ್ ನೆನಪಿದೆ, ಇಲ್ಲ ಅಂತ ಬರ್ಕೊಳ್ಳಕ್ಕ' ಅಂತಾಳೆ. ಬರ್ಕೊಂಡೆ. ಮಗು ಕಳ್ಕೊಂಡವಳ ಮನೆಯಿಂದ ಹಂಗೆ ಎದ್ದು ಬರೋಕಾಗುತ್ತಾ ಸಾರ್? ಕೂತೆ. ಅವಳು ಅತ್ತಳು. ಮೊದ್ಲು ಇಲ್ಲ ಅಂದಿದ್ದವಳಿಗೆ, 'ಚೆನ್ನಾಗ್ ನೆನಪು ಮಾಡ್ಕೊಳಮ್ಮ, ಒಂದ್ ದಿನವಾದ್ರೂ?' ಅಂದೆ. ಎಂದೋ ಎತ್ತಿದ್ದು ನೆನಪಾಯ್ತು. ಹೌದು ಅಂತ ತಿದ್ದಿದೆ."

ಡಾಕ್ಟರು ಫೈಲು ಮುಚ್ಚಿದರು. "ನಿಮ್ಮ ಸೊಸೆ ಅಲ್ಲೇ ಕೆಲಸ ಮಾಡೋದು, ಅಲ್ವಾ?"

ಫಾರ್ಮಕ್ಕ ಸ್ಟೂಲಿನಿಂದ ಎದ್ದು ನಿಂತಳು.

"ಹೌದು ಸಾರ್. ಅದಕ್ಕೇ ನನ್ ಮಾತು ನಂಬಬೇಡಿ. ಫಾರಮ್ಮಿನ ತಲೆ ಮೇಲೆ ನೋಡಿ."

ಪ್ರತಿ ಫಾರಮ್ಮಿನ ಮೇಲೂ ಎರಡು ಸಣ್ಣ ಚೌಕವಿತ್ತು. ಶುರುವಾದ ಹೊತ್ತು, ಮುಗಿದ ಹೊತ್ತು. ಎರಡು ವರ್ಷದಲ್ಲಿ ಅವನ್ನು ಯಾರೂ ನೋಡಿರಲಿಲ್ಲ. ಫಾರ್ಮಕ್ಕ ಮಾತ್ರ ಒಂದನ್ನೂ ಖಾಲಿ ಬಿಟ್ಟಿರಲಿಲ್ಲ. ಲೆಕ್ಕದ ಮೇಡಂ ಕಂತೆ ಬಿಚ್ಚಿದರು. ಮಕ್ಕಳಿದ್ದ ಮನೆಗಳಲ್ಲಿ ಒಂಬತ್ತು ನಿಮಿಷ, ಹನ್ನೊಂದು, ಎಂಟು. ಕಳೆದುಕೊಂಡವರ ಮನೆಗಳಲ್ಲಿ ನಲವತ್ತೈದು, ಐವತ್ತು, ಒಂದು ಕಡೆ ಒಂದೂಕಾಲು ಗಂಟೆ. ಮೇಡಂ ಬೆರಳು ಅಲ್ಲೇ ನಿಂತಿತು. ಆಮೇಲೆ ಇನ್ನೊಂದು ಕಂತೆ ಎಳೆದುಕೊಂಡರು. ಆ ಜೊತೆಯವನು ಯಾರ ಮನೆಯಲ್ಲೂ ನೀರು ಕುಡಿದವನಲ್ಲ. ಎಲ್ಲ ಮನೆಗೂ ಹತ್ತು ನಿಮಿಷ, ಮುಲಾಜಿಲ್ಲ. ಮೇಡಂ ಎರಡು ಕಂತೆಗಳನ್ನೂ ಬೇರೆಬೇರೆ ಮಾಡಿ ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕಕ್ಕೆ ಕೂತರು. ಫಾರ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅವನ ಕಂತೇಲಿ ಕಳ್ಕೊಂಡವರು, ಹೆತ್ತವರು, ಎರಡೂ ಕಡೆ ಒಂದೇ ಇದೆ ಸಾರ್," ಎಂದರು ಮೇಡಂ ಕೊನೆಗೆ. "ವ್ಯತ್ಯಾಸ ಎಲ್ಲ ಅಕ್ಕನದ್ರಲ್ಲೇ."

"ಹಂಗಾದ್ರೆ ಎತ್ತಿದ್ರೆ ಏನೂ ಆಗಲ್ಲ ಅಂತಾನಾ ಮೇಡಂ?" ಫಾರ್ಮಕ್ಕ ಆಸೆಯಿಂದ ಕೇಳಿದಳು.

"ಅಲ್ಲಕ್ಕಾ. ಆಗುತ್ತೋ ಇಲ್ವೋ ನಮಗೆ ಗೊತ್ತಿಲ್ಲ ಅಂತ."

ಡಾಕ್ಟರು ಕಿಟಕಿಯ ಕಡೆ ತಿರುಗಿ ನಿಂತರು. "ಎಲ್ಲರನ್ನೂ ಒಂದೇ ಥರ ಕೇಳ್ಬೇಕು ಅಂತ ಮೊದಲ ದಿನವೇ ಹೇಳಿರ್ಲಿಲ್ವೇನಮ್ಮ?"

"ಹೇಳಿದ್ರಿ ಸಾರ್. ಹೋದ ಮನೆಗಳು ಒಂದೇ ಥರ ಇರ್ಲಿಲ್ಲ."

ಅವರು ತಿರುಗಿ ಬಂದು ವರದಿಯ ಆ ಸಾಲಿನ ಮೇಲೆ ಗೆರೆ ಎಳೆದರು. ಆಮೇಲೆ, ಫಾರಂ ಹೊರುವ ಬ್ಯಾಗು ಮೇಜಿನ ಮೇಲೆ ಬಿಟ್ಟು ಹೋಗಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾಳೆ ಬಂದು ಕಾಲು ಹಿಡಿಯಬಹುದಿತ್ತು.

ಸಂಜೆ ಕಾರ್ಖಾನೆಯ ಗೇಟಿನಲ್ಲಿ ಸೊಸೆ ಗುಂಪಿನಿಂದ ಬಿಡಿಸಿಕೊಂಡು ಬಂದಳು. "ಇದೇನತ್ತೆ, ಇಲ್ಲಿ? ನಿಮ್ ಬ್ಯಾಗೆಲ್ಲಿ?"

"ಇವತ್ತೆಷ್ಟು ಬಂಡಲ್ ಎತ್ತಿದ್ಯೇ?"

"ಅಯ್ಯೋ, ಮನೆಯವರಿಗೂ ಫಾರಂ ತುಂಬ್ತೀರಾ? ಯಾರ್ ಎಣಿಸ್ತಾರೆ ಅದನ್ನ!" ಸೊಸೆ ನಕ್ಕಳು, ಸೊಂಟದ ಮೇಲೆ ಕೈಯಿಟ್ಟು.

ಫಾರ್ಮಕ್ಕ ಏನೂ ಬರೆದುಕೊಳ್ಳಲಿಲ್ಲ. ಸೊಸೆಯ ಕೈಯಲ್ಲಿದ್ದ ಖಾಲಿ ಊಟದ ಡಬ್ಬಿಯನ್ನು ತಾನೇ ತೆಗೆದುಕೊಂಡು ನಡೆದಳು.

ಸೊಸೆಯ ಕೆಲಸ ಉಳಿದಿತ್ತು. ಅತ್ತೆಯ ಕೆಲಸ ಹೋಗಿತ್ತು. ನಾಳೆ ಎತ್ತಬೇಕಾದ ಬಂಡಲುಗಳು ಅಷ್ಟೇ ಭಾರವಾಗಿದ್ದವು.